ಏರ್ ಬಾಕ್ಸ್ ಬಿಚ್ಚಿಸಬೇಡಿ: ಹಳೆಯ ಆರ್‌ಎಕ್ಸ್ 100 ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ

ಕಾಸರಗೋಡು ಪೇಟೆಯ ಒಂದು ಗ್ಯಾರೇಜಿನಲ್ಲಿ ನಾನು ಮೋಸಹೋದೆ. ಗ್ಯಾರೇಜಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಆದರೆ ನಡೆದದ್ದನ್ನು ಒಂದೂ ಬಿಡದೆ ಬರೆಯುತ್ತೇನೆ. ಈ ಕಡೆ ಹಳೆಯ ಯಮಹಾ ಗಾಡಿಗಳನ್ನು ಜೋಪಾನ ಮಾಡಿಕೊಂಡು ಬಂದವರು ಇನ್ನೂ ಬಹಳ ಮಂದಿ ಇದ್ದಾರೆ, ಅವರಲ್ಲಿ ಒಬ್ಬರಾದರೂ ನನ್ನಂತೆ ಹಣ ಕೊಟ್ಟು ಎಂಜಿನ್ ಹಾಳು ಮಾಡಿಸಿಕೊಳ್ಳಬಾರದು.

ನನ್ನದು 1994ರ ಆರ್‌ಎಕ್ಸ್ 100, ಟೂ ಸ್ಟ್ರೋಕ್ ಎಂಜಿನಿನ ಬೈಕು, ಅಪ್ಪ ಹೊಸದಾಗಿ ತೆಗೆದುಕೊಂಡದ್ದು. ಈ ಗಾಡಿಯ ತಯಾರಿಕೆ 1996ರಲ್ಲೇ ನಿಂತುಹೋಗಿರುವುದರಿಂದ ಅದರ ಒಂದೊಂದು ಕಂಪೆನಿ ಬಿಡಿಭಾಗಕ್ಕೂ ಇಂದು ಎಷ್ಟು ಬೇಡಿಕೆ ಇದೆ ಎಂಬುದು ಇಟ್ಟುಕೊಂಡವರಿಗೆ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಬಿಚ್ಚಿದ ಭಾಗವನ್ನು ಗ್ಯಾರೇಜಿನಲ್ಲೇ ಬಿಟ್ಟುಬಂದೆ ಎಂಬುದೇ ಇಂದಿಗೂ ನನ್ನನ್ನು ಸುಡುತ್ತಿರುವ ಮಾತು.

ಕಳೆದ ಅಕ್ಟೋಬರಿನಲ್ಲಿ ಗಾಡಿ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸತೊಡಗಿತು, ಸ್ಟಾರ್ಟ್ ಆದರೂ ಐಡಲಿಂಗ್ ಒಂದೇ ಸಮನೆ ಇರುತ್ತಿರಲಿಲ್ಲ. ಗಾಳಿ ಸೋಸುವ ಸ್ಪಂಜು ಇರುವ ಏರ್ ಬಾಕ್ಸನ್ನೂ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರನ್ನೂ ಸೇರಿಸುವ ರಬ್ಬರ್ ಹೋಸ್ ಬಿರುಕು ಬಿಟ್ಟಿತ್ತು, ಅಷ್ಟೇ. ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸ ಅದು. ಇದು ನನಗೆ ತಿಳಿದದ್ದು ಮಾತ್ರ ಎಲ್ಲ ಮುಗಿದ ಮೇಲೆ. ಗ್ಯಾರೇಜಿನ ಯಜಮಾನರು ಬಿರುಕನ್ನು ನೋಡಿದರು, ಬೆರಳಿನಿಂದ ಒತ್ತಿಯೂ ನೋಡಿದರು, ಆದರೆ ಅದರ ಬಗ್ಗೆ ಒಂದು ಮಾತೂ ಹೇಳಲಿಲ್ಲ. "ಮಾಷ್ಟ್ರೇ, ಈ ಬಾಕ್ಸ್ ಉಂಟಲ್ಲ, ಇದು ಎಂಜಿನಿನ ಉಸಿರು ಕಟ್ಟಿಸುವುದು. ಇದನ್ನು ತೆಗೆದು ಒಂದು ಪಾಡ್ ಫಿಲ್ಟರ್ ಹಾಕುವ. ಆಮೇಲೆ ಪಿಕಪ್ ನೋಡಿ ನೀವು," ಎಂದರು. ಪಾಡ್ ಫಿಲ್ಟರ್ ಎಂದರೆ ಬಾಕ್ಸಿಲ್ಲದೆ ಕಾರ್ಬ್ಯುರೇಟರಿನ ಬಾಯಿಗೇ ಸಿಕ್ಕಿಸುವ ಫಿಲ್ಟರ್. ಜೆಟ್, ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬರುವ ಸಣ್ಣ ತೂತಿನ ಭಾಗ, ಬದಲಾಯಿಸಬೇಕಾಗುತ್ತದಲ್ಲವೇ ಎಂದು ನಾನು ಕೇಳಿದ್ದೆ. ಕೇಳಿದ್ದೆ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. "ಅದೆಲ್ಲ ನಾವು ಮಾಡಿಯೇ ಕೊಡುವುದು, ನೀವೊಂದು ತಲೆಬಿಸಿ ಮಾಡಬೇಡಿ," ಎಂಬ ಉತ್ತರ ಬಂತು. ಬಿಲ್ಲಿನಲ್ಲಿ ಫಿಲ್ಟರಿಗೆ 2,800 ರೂಪಾಯಿ, ಜೆಟ್ ಮತ್ತು ಟ್ಯೂನಿಂಗಿಗೆ 900 ರೂಪಾಯಿ ಎಂದು ಬರೆದಿತ್ತು. ಆ ಬಿಲ್ಲು ಇನ್ನೂ ನನ್ನಲ್ಲಿದೆ.

ಬಿಚ್ಚಿದ ಬಾಕ್ಸನ್ನು ಕೇಳಿದಾಗ, "ನಾಳೆ ಶಾಲೆ ಬಿಟ್ಟು ಬರುವಾಗ ಕೊಂಡುಹೋಗಿ, ಈಗ ಕೈಯಲ್ಲಿ ಹಿಡಿದುಕೊಂಡು ಹೇಗೆ ಹೋಗುತ್ತೀರಿ?" ಎಂದರು. ಸರಿಯೆಂದು ನಂಬಿದೆ. ಮರುದಿನ ಹೋದಾಗ ಹುಡುಗ ಎಲ್ಲಿಯೋ ಇಟ್ಟಿದ್ದಾನೆ ಎಂದರು. ವಾರ ಬಿಟ್ಟು ಹೋದಾಗ ಹುಡುಗ ರಜೆಯಲ್ಲಿದ್ದಾನೆ ಎಂದರು. ಮೂರನೆಯ ಸಲ, "ಅದು ಗುಜರಿಗೆ ಹೋಯಿತು ಕಾಣುತ್ತದೆ ಮಾಷ್ಟ್ರೇ, ಇನ್ನು ಅದು ಯಾಕೆ ನಿಮಗೆ?" ಎಂದರು.

ಮೊದಲ ವಾರ ನನಗೆ ಸಂತೋಷವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಹೋಸಿನ ಬಿರುಕು ಹೋಸಿನ ಜೊತೆಗೇ ಹೋಗಿದ್ದರಿಂದ ಐಡಲಿಂಗ್ ಸರಿಯಾಯಿತು, ಗಾಳಿ ಎಳೆಯುವ ಸದ್ದು ದೊಡ್ಡದಾಯಿತು, ಸದ್ದು ದೊಡ್ಡದಾದಾಗ ವೇಗವೂ ಹೆಚ್ಚಾದಂತೆ ತೋರುತ್ತದೆ. ಎರಡನೆಯ ವಾರ ತುಲಾ ತಿಂಗಳ ಮಳೆ ಸಂಜೆ ಹೊತ್ತಿಗೆ ಗುಡುಗಿಕೊಂಡು ಬಂತು. ಬಾಕ್ಸಿನೊಳಗೆ ಬೆಚ್ಚಗಿರಬೇಕಾದ ಫಿಲ್ಟರ್ ಹಿಂದಿನ ಚಕ್ರದ ಮುಂದೆ ಬರಿದಾಗಿ ಕುಳಿತಿತ್ತು. ಚಕ್ರ ಎರಚಿದ ಕೆಸರುನೀರು ಪೂರ್ತಿ ಅದರ ಮೇಲೆ. ಗಾಡಿ ಬಿಕ್ಕಿ ಬಿಕ್ಕಿ ನಿಂತಿತು. ಫೋನ್ ಮಾಡಿದಾಗ ಬಂದ ಉತ್ತರ: "ಮಳೆಗೆ ಒಂದು ಪ್ಲಾಸ್ಟಿಕ್ ಕಟ್ಟಿ ಮಾಷ್ಟ್ರೇ." ಗಾಳಿ ಎಳೆಯಬೇಕಾದ ಫಿಲ್ಟರಿಗೆ ಪ್ಲಾಸ್ಟಿಕ್ ಕಟ್ಟಿದರೆ ಎಂಜಿನ್ ಏನನ್ನು ಎಳೆಯಬೇಕು? ಕೇಳಿದೆ. ಫೋನ್ ಇಟ್ಟರು.

ಮಳೆ ಹೋದ ಮೇಲೆ ಬೇರೆಯೇ ಲಕ್ಷಣಗಳು ಕಾಣಿಸಿಕೊಂಡವು. ಆಕ್ಸಿಲರೇಟರ್ ಬಿಟ್ಟರೂ ಎಂಜಿನಿನ ವೇಗ ಕೂಡಲೇ ಇಳಿಯುತ್ತಿರಲಿಲ್ಲ, ಮೇಲೆಯೇ ನಿಂತು ಆಮೇಲೆ ನಿಧಾನವಾಗಿ ಬರುತ್ತಿತ್ತು. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆ. ಕಾಫಿಪುಡಿಯ ಬಣ್ಣದಲ್ಲಿರಬೇಕಾದ ತುದಿ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಫೋಟೋ ತೆಗೆದು ಕಳುಹಿಸಿದಾಗ ಅವರು ಕೊಟ್ಟ ಉತ್ತರವನ್ನು ಅಕ್ಷರ ಬಿಡದೆ ಬರೆಯುತ್ತೇನೆ: "ಪ್ಲಗ್ ಬಿಳಿ ಎಂದರೆ ಎಂಜಿನ್ ಒಳಗೆ ಕ್ಲೀನ್ ಉಂಟು ಎಂದು ಅರ್ಥ. ಧೈರ್ಯವಾಗಿ ಓಡಿಸಿ." ಇದು ಸುಳ್ಳು. ಬಿಳಿ ಪ್ಲಗ್ ಎಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿದೆ, ಒಳಗೆ ವಿಪರೀತ ಬಿಸಿಯಾಗುತ್ತಿದೆ ಎಂದು ಅರ್ಥ. ಇದು ಗೊತ್ತಿಲ್ಲದೆ ಒಬ್ಬರು ಟೂ ಸ್ಟ್ರೋಕ್ ಎಂಜಿನಿಗೆ ಕೈ ಹಾಕಬಾರದು, ಗೊತ್ತಿದ್ದೂ ಹೀಗೆ ಹೇಳಿದ್ದರೆ ಅದಕ್ಕೆ ಏನೆನ್ನಬೇಕೋ ತಿಳಿಯದು.

ಫೆಬ್ರವರಿಯ ಒಂದು ಮಧ್ಯಾಹ್ನ ಕುಂಬಳೆಯಿಂದ ಬದಿಯಡ್ಕಕ್ಕೆ ಬರುತ್ತಿದ್ದೆ. ಸೀತಾಂಗೋಳಿ ದಾಟಿ ಏರು ಹತ್ತಿಸಿ, ಸುಮಾರು 60ರ ವೇಗದಲ್ಲಿದ್ದಾಗ ಎಂಜಿನಿನಿಂದ ಕೀರಲು ಸದ್ದೊಂದು ಕೇಳಿಸಿತು. ಮರುಕ್ಷಣ ಹಿಂದಿನ ಚಕ್ರ ಕಚ್ಚಿಕೊಂಡಿತು. ಕ್ಲಚ್ ಹಿಡಿಯುವಷ್ಟರಲ್ಲಿ ಗಾಡಿ ಅಡ್ಡಕ್ಕೆ ಜಾರಿತ್ತು. ಹಿಂದೆ ಬಸ್ಸು ಇರಲಿಲ್ಲವಾದ್ದರಿಂದ ನಾನು ಈಗ ಕುಳಿತು ಇದನ್ನು ಬರೆಯುತ್ತಿದ್ದೇನೆ. ಆ ದಿನ ಹಿಂದಿನ ಸೀಟಿನಲ್ಲಿ ಮಗಳು ಇರಬೇಕಾಗಿತ್ತು.

ಗಾಡಿಯನ್ನು ಪಿಕಪ್ಪಿಗೆ ಏರಿಸಿ ಬದಿಯಡ್ಕದ ಹಿರಿಯ ಮೆಕ್ಯಾನಿಕ್ ಒಬ್ಬರಲ್ಲಿಗೆ ಕೊಂಡುಹೋದೆ. ಅವರು ಹೆಡ್ಡೂ ಬ್ಲಾಕೂ ಬಿಚ್ಚಿ ಪಿಸ್ಟನ್ನನ್ನು ನನ್ನ ಅಂಗೈಯಲ್ಲಿಟ್ಟರು. ಸೈಲೆನ್ಸರ್ ಕಡೆಯ ಮೈಯಲ್ಲಿ ಅಲ್ಯುಮಿನಿಯಂ ಕರಗಿ ಉಜ್ಜಿದ ಗೀರುಗಳು, ರಿಂಗು ಅದರೊಳಗೆ ಅಂಟಿಕೊಂಡಿತ್ತು. ಆಮೇಲೆ ಕಾರ್ಬ್ಯುರೇಟರ್ ಬಿಚ್ಚಿದರು. ಮೇನ್ ಜೆಟ್ಟನ್ನು ತೆಗೆದು, ಒರೆಸಿ, ಬೆಳಕಿಗೆ ಹಿಡಿದು ನಂಬರ್ ಓದಿ, "ಇದು ಕಂಪೆನಿಯಿಂದ ಬಂದ ಜೆಟ್ಟೇ ಅಣ್ಣ, ಯಾರೂ ಮುಟ್ಟಲೇ ಇಲ್ಲ," ಎಂದರು. 900 ರೂಪಾಯಿ ತೆಗೆದುಕೊಂಡದ್ದು ಇದಕ್ಕೆ. ಫಿಲ್ಟರಿನ ಬಾಯಿ ಕಾರ್ಬ್ಯುರೇಟರಿನ ಬಾಯಿಗಿಂತ ದೊಡ್ಡದಿತ್ತು. ನಡುವಿನ ಸಂದಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕ್ಲಿಪ್ ಬಿಗಿದಿದ್ದರು. ಆ ತುಂಡಿನ ಒಳಮೈಯಲ್ಲಿ ಕುಂಕುಮ ಎಳೆದಂತೆ ಕೆಂಪು ಧೂಳಿನ ಗೆರೆ ಕಾರ್ಬ್ಯುರೇಟರಿನವರೆಗೂ ಹೋಗಿತ್ತು. ಹೆದ್ದಾರಿ 66ರ ಕೆಲಸದ ಧೂಳು, ಕೆಂಪುಕಲ್ಲಿನ ಲಾರಿಗಳ ಧೂಳು, ಎಲ್ಲವೂ ಫಿಲ್ಟರನ್ನು ಮುಟ್ಟದೆಯೇ ಪಕ್ಕದ ಸಂದಿಯಿಂದ ಒಳಗೆ ಹೋಗಿದೆ. ಟೂ ಸ್ಟ್ರೋಕಿನಲ್ಲಿ ಗಾಳಿ ಮೊದಲು ಕ್ರ್ಯಾಂಕ್ ಇರುವ ಕೋಣೆಗೆ ಹೋಗಿ ಅಲ್ಲಿಂದ ಮೇಲೆ ಬರುವುದರಿಂದ ಪಿಸ್ಟನ್ ಓಡಾಡುವ ಬೋರಿನ ಜೊತೆಗೆ ಕ್ರ್ಯಾಂಕ್ ಬೇರಿಂಗೂ ಸವೆದಿತ್ತು.

ಬಾಕ್ಸ್ ಉಸಿರು ಕಟ್ಟಿಸುತ್ತದೆ ಎಂಬ ಮಾತು ಎಷ್ಟು ತಪ್ಪು ಎಂಬುದನ್ನು ಆ ಹಿರಿಯರೇ ನನಗೆ ಬಿಡಿಸಿ ಹೇಳಿದರು. ಟೂ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಸಲ ಗಾಳಿಯನ್ನು ಗಬಕ್ಕನೆ ಎಳೆಯುತ್ತದೆ. ಹೀಗೆ ಎಳೆಯುವಾಗ ಕಾರ್ಬ್ಯುರೇಟರಿನ ಬಾಯಲ್ಲಿ ಅಲುಗಾಡದೆ ನಿಂತ ಗಾಳಿ ಸಿಗಲಿ ಎಂದೇ ಆ ಬಾಕ್ಸ್ ಇರುವುದು. ಬಾಕ್ಸೂ ಒಳಗಿನ ಎಣ್ಣೆ ಸ್ಪಂಜೂ ಗಾಳಿಗೆ ಒಡ್ಡುವ ತಡೆ ಇಂತಿಷ್ಟು ಎಂದು ಲೆಕ್ಕ ಹಾಕಿ ಕಂಪೆನಿಯವರು ಜೆಟ್ಟಿನ ತೂತನ್ನು ಗೊತ್ತುಮಾಡಿರುತ್ತಾರೆ. ತಡೆಯನ್ನು ತೆಗೆದರೆ ಗಾಳಿ ಸಲೀಸಾಗಿ ಬರುತ್ತದೆ, ಪೆಟ್ರೋಲನ್ನು ಮೇಲಕ್ಕೆಳೆಯುವ ಸೆಳೆತ ಕಡಿಮೆಯಾಗುತ್ತದೆ, ಅದೇ ತೂತಿನಿಂದ ಸಾಕಷ್ಟು ಪೆಟ್ರೋಲ್ ಬರುವುದಿಲ್ಲ. ಪೆಟ್ರೋಲ್ ಕಡಿಮೆಯಾದ ಮಿಶ್ರಣ ಹೆಚ್ಚು ಬಿಸಿಯಾಗಿ ಉರಿಯುತ್ತದೆ, ಅಲ್ಯುಮಿನಿಯಂ ಪಿಸ್ಟನ್ ಎರಕದ ಕಬ್ಬಿಣದ ಬೋರಿಗಿಂತ ಹೆಚ್ಚು ಹಿಗ್ಗುತ್ತದೆ, ಕಚ್ಚಿಕೊಳ್ಳುತ್ತದೆ. ರೇಸಿನವರು ಪಾಡ್ ಫಿಲ್ಟರ್ ಹಾಕುತ್ತಾರೆ, ನಿಜ. ಆದರೆ ಅವರು ಮೇನ್ ಜೆಟ್ಟನ್ನು ಒಂದೊಂದೇ ನಂಬರ್ ದೊಡ್ಡದು ಮಾಡಿ, ಪೆಟ್ರೋಲಿನ ಅಳತೆ ಹಿಡಿಯುವ ನೀಡಲಿನ ಕ್ಲಿಪ್ಪಿನ ಮೆಟ್ಟಿಲು ಬದಲಿಸಿ, ಪ್ರತಿ ಸಲವೂ ಪ್ಲಗ್ಗಿನ ಬಣ್ಣ ನೋಡುತ್ತಾರೆ. ದಿನಾ ಶಾಲೆಗೆ ಹೋಗಿಬರುವ 98 ಸಿಸಿಯ ಗಾಡಿಗೆ ಅದರ ಅಗತ್ಯವೇ ಇರಲಿಲ್ಲ.

ಬೋರಿಂಗ್, ಓವರ್‌ಸೈಜ್ ಪಿಸ್ಟನ್, ಕ್ರ್ಯಾಂಕ್ ಬೇರಿಂಗ್, ಸೀಲುಗಳು, ಕೂಲಿ ಎಲ್ಲ ಸೇರಿ 11,400 ರೂಪಾಯಿ ಆಯಿತು.

ಬಿಲ್ಲನ್ನೂ ಪಿಸ್ಟನ್ನನ್ನೂ ಹಿಡಿದುಕೊಂಡು ಕಾಸರಗೋಡಿನ ಆ ಗ್ಯಾರೇಜಿಗೆ ಹೋದೆ. "ನೀವು ಓಯಿಲ್ ಸರಿ ಹಾಕಿರಲಿಕ್ಕಿಲ್ಲ," ಎಂದರು. ಟೂ ಟಿ ಟ್ಯಾಂಕ್, ಅಂದರೆ ಓಯಿಲಿನ ಟ್ಯಾಂಕ್, ಅರ್ಧ ತುಂಬಿತ್ತು ಎಂದೆ. "ಹಾಗಾದರೆ ಓಡಿಸಿದ ರೀತಿ," ಎಂದರು. ಜೆಟ್ ಬದಲಾಯಿಸದೆ ಹಣ ಯಾಕೆ ತೆಗೆದುಕೊಂಡಿರಿ ಎಂದು ಕೇಳಿದೆ. "ಟ್ಯೂನಿಂಗ್ ಮಾಡಿದ್ದೇವಲ್ಲ, ಅದು ಕೆಲಸ ಅಲ್ಲವಾ?" ಎಂದರು. ಹೀಗೆ ಮಾತು ನಡೆಯುತ್ತಿರುವಾಗ ನನ್ನ ಪಕ್ಕದಲ್ಲಿ ನೀಲಿ ಬಣ್ಣದ ಒಂದು ಆರ್‌ಎಕ್ಸ್ 100 ಸೈಡ್ ಕವರ್ ಬಿಚ್ಚಿ ನಿಂತಿತ್ತು. ಏರ್ ಬಾಕ್ಸಿನ ಕಪ್ಪು ಮುಚ್ಚಳ ನೆಲದ ಮೇಲೆ ಅಂಗಾತ ಬಿದ್ದಿತ್ತು. ಅದರ ಒಳಮೈಯಲ್ಲಿ ಮೊಳೆಯಿಂದ ಗೀಚಿದ ತಾರೀಕುಗಳು ಕಂಡವು, ಒಂದರ ಕೆಳಗೆ ಒಂದು. ಸ್ಪಂಜನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಾಕಿ ಹಿಂಡಿ ಕೂರಿಸಿದ ದಿನಗಳವು. ಅಪ್ಪ ಬರೆದವು. ಕೊನೆಯ ನಾಲ್ಕು ಸಾಲು ನನ್ನ ಕೈಬರಹ.

ಅದು ಗುಜರಿಗೆ ಹೋಗಿರಲಿಲ್ಲ. ಒಳ್ಳೆಯ ಸ್ಥಿತಿಯಲ್ಲಿದ್ದ ಕಂಪೆನಿ ಬಾಕ್ಸನ್ನು ನನ್ನ ಗಾಡಿಯಿಂದ ಬಿಚ್ಚಿ, ನನಗೆ ಬೇಡದ ಫಿಲ್ಟರನ್ನು ಮಾರಿ, ಬಾಕ್ಸನ್ನು ಇನ್ನೊಬ್ಬರಿಗೆ ಮಾರಿದ್ದಾರೆ. ನಾನು ಮುಚ್ಚಳವನ್ನು ಎತ್ತಿ ತೋರಿಸಿದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. "ನೀವೇ ಬೇಡ ಎಂದು ಬಿಟ್ಟುಹೋದದ್ದಲ್ಲವಾ ಮಾಷ್ಟ್ರೇ," ಎಂದರು. ಮೂರು ಸಲ ಕೇಳಲು ಬಂದವನಿಗೆ ಈ ಮಾತು. ಅಲ್ಲಿ ನಿಂತಿದ್ದ ಹುಡುಗರ ಮುಂದೆ ನನಗೆ ಸ್ವರವೇ ಹೊರಡಲಿಲ್ಲ. ಮುಚ್ಚಳವನ್ನು ಅಲ್ಲಿಯೇ ಇಟ್ಟು ಬಂದೆ, ಏಕೆಂದರೆ ಅದು ಈಗ ಹಣ ಕೊಟ್ಟ ಇನ್ನೊಬ್ಬರದು.

ಹಳೆಯ ಗಾಡಿಯ ಬಾಕ್ಸ್ ಬಿಚ್ಚೋಣ ಎಂದು ಯಾರಾದರೂ ಹೇಳಿದರೆ ಮೊದಲು ಹೋಸನ್ನೂ ಸ್ಪಂಜನ್ನೂ ನೋಡಿಸಿ. ಜೆಟ್ ಬದಲಾಯಿಸಿದ್ದೇವೆ ಎಂದರೆ ಹಳೆಯ ಜೆಟ್ಟನ್ನು ಕೈಗೆ ಕೊಡಲು ಹೇಳಿ, ಕೊಡದಿದ್ದರೆ ಹಣ ಕೊಡಬೇಡಿ. ಬಿಚ್ಚಿದ ಯಾವ ಭಾಗವನ್ನೂ ಒಂದು ರಾತ್ರಿಯ ಮಟ್ಟಿಗೂ ಗ್ಯಾರೇಜಿನಲ್ಲಿ ಬಿಡಬೇಡಿ.

ಈಗ ನನ್ನ ಗಾಡಿ ಬೇರೆ ಕಡೆಯಿಂದ ತಂದ ಒಂದು ಹಳೆಯ ಬಾಕ್ಸಿನಲ್ಲಿ ಓಡುತ್ತಿದೆ. ಅದರ ಅಂಚು ಸೀಳಿದೆ, ಎಂ-ಸೀಲ್ ಹಚ್ಚಿದ್ದೇನೆ. ಆ ನೀಲಿ ಗಾಡಿಯ ಯಜಮಾನರ ಪರಿಚಯ ನನಗಿಲ್ಲ, ಅವರ ತಪ್ಪೂ ಇದರಲ್ಲಿ ಏನೂ ಇಲ್ಲ. ಅವರು ಇದನ್ನು ಓದಿದರೆ ಒಮ್ಮೆ ಮುಚ್ಚಳ ತೆಗೆದು ಒಳಗಿನ ತಾರೀಕುಗಳನ್ನು ನೋಡಲಿ. ನೀವು ಅದಕ್ಕೆ ಕೊಟ್ಟ ಪೂರ್ತಿ ಹಣವನ್ನು ನಾನು ಕೊಡುತ್ತೇನೆ, ಬೇರೊಂದು ಬಾಕ್ಸನ್ನೂ ಹುಡುಕಿ ತಂದು ಕೂರಿಸಿ ಕೊಡುತ್ತೇನೆ. ಆ ಮುಚ್ಚಳವೊಂದು ನನಗೆ ಮರಳಿ ಸಿಗಲಿ.