ಸ್ಟೀರಿಯೊ ಡಿಲೇಗೆ ಮೂರು ದಾರಿ: ನುಡಿಸಿ ಕೇಳಿದ ಹೋಲಿಕೆ

ಒಂದೇ ಸ್ಟೀರಿಯೊ ಡಿಲೇಯನ್ನು (ಒಳಬಂದ ಧ್ವನಿಯನ್ನು ಎಡಬಲಗಳಲ್ಲಿ ತಡವಾಗಿ ಮರುನುಡಿಸಿ ಪ್ರತಿಧ್ವನಿ ಕೊಡುವ ಘಟಕ) ಒಂದೇ ಗಿಟಾರ್ ಮತ್ತು ಒಂದೇ ಮಿಕ್ಸರ್ ಜೊತೆಗೆ ಮೂರು ಬಗೆಯಲ್ಲಿ ಜೋಡಿಸಿ ಕೆಲವು ವಾರ ನುಡಿಸಿದ್ದೇನೆ. ಟೆಂಪೋವನ್ನು ನಿಮಿಷಕ್ಕೆ 120 ಬೀಟ್‌ಗೆ ಇಟ್ಟು, ಎಡಬದಿಗೆ 375, ಬಲಬದಿಗೆ 500 ಮಿಲಿಸೆಕೆಂಡ್ ತಡ ಎಂಬ ಅಳತೆಯನ್ನು ಕೊನೆಯವರೆಗೂ ಬದಲಿಸಲಿಲ್ಲ. ಕೇಳಿಬಂದ ವ್ಯತ್ಯಾಸವೆಲ್ಲ ಜೋಡಣೆಯದ್ದೇ ಆಗಿರಲಿ ಎಂಬುದು ಉದ್ದೇಶ.

ಗಿಟಾರಿನಿಂದ ಡಿಲೇಗೆ, ಅಲ್ಲಿಂದ ಮಿಕ್ಸರಿನ ಎರಡು ಚಾನೆಲ್‌ಗಳಿಗೆ ಹೋಗುವ ನೇರ ಜೋಡಣೆ ಎಲ್ಲಕ್ಕಿಂತ ಸುಲಭ. ಎಡದ ಪ್ರತಿಧ್ವನಿಗಳು 375, 750, 1125ರಲ್ಲಿಯೂ ಬಲದವು 500, 1000ದಲ್ಲಿಯೂ ಬಂದು, 1500ನೇ ಮಿಲಿಸೆಕೆಂಡಿನಲ್ಲಿ ಎರಡೂ ಕೂಡುತ್ತವೆ. ಈ ಹೆಣಿಗೆ ಕಿವಿಗೆ ಹಿತವೇ. ಆದರೆ ಮೂಲ ಧ್ವನಿ ಮತ್ತು ಪ್ರತಿಧ್ವನಿ ಒಂದೇ ಕೇಬಲ್‌ನಲ್ಲಿ ಬರುವುದರಿಂದ, ಮಿಕ್ಸರಿನಲ್ಲಿ ಪ್ರತಿಧ್ವನಿಯ ಮೊನಚನ್ನು ತಗ್ಗಿಸಲು ಹೋದರೆ ಗಿಟಾರಿನ ಹೊಳಪೂ ಕಳೆದುಹೋಗುತ್ತದೆ.

ಎರಡನೆಯದರಲ್ಲಿ ಗಿಟಾರ್ ನೇರವಾಗಿ ಮಿಕ್ಸರಿಗೆ ಹೋಗುತ್ತದೆ. ಮೊದಲ ಆಕ್ಸ್ ಸೆಂಡ್ (ಚಾನೆಲ್‌ನ ಧ್ವನಿಯ ಒಂದು ಪಾಲನ್ನು ಹೊರಗಿನ ಘಟಕಕ್ಕೆ ಕಳುಹಿಸುವ ದಾರಿ) ಡಿಲೇಯ ಎಡ ಇನ್‌ಪುಟ್‌ಗೆ, ಎರಡನೆಯದು ಬಲ ಇನ್‌ಪುಟ್‌ಗೆ ಸೇರಿ, ಔಟ್‌ಪುಟ್‌ಗಳು ಬೇರೆ ಬೇರೆ ಚಾನೆಲ್‌ಗಳಿಗೆ ಮರಳುತ್ತವೆ. ಮೊದಲ ದಿನ, ಮೂಲ ಧ್ವನಿ ಮತ್ತು ಪ್ರತಿಧ್ವನಿಯ ಪಾಲನ್ನು ಹೊಂದಿಸುವ ಡಿಲೇಯ ಮಿಕ್ಸ್ ನಾಬ್ ಅರ್ಧದಲ್ಲಿಯೇ ಉಳಿದಿತ್ತು, ಗಿಟಾರ್ ಡಬ್ಬದೊಳಗಿನಿಂದ ಬಂದಂತೆ ಟೊಳ್ಳಾಗಿ ಕೇಳಿಸಿತು. ಡಿಜಿಟಲ್ ಘಟಕದ ಮೂಲಕ ಹಾದುಬಂದ ಮೂಲ ಧ್ವನಿ ಎರಡು ಮಿಲಿಸೆಕೆಂಡ್ ತಡವಾದರೂ ಸಾಕು, ನೇರ ಧ್ವನಿಯೊಡನೆ ಕೂಡಿದಾಗ 250, 750, 1250 ಹರ್ಟ್ಸ್‌ಗಳಲ್ಲಿ ಅವು ಒಂದನ್ನೊಂದು ಅಳಿಸುತ್ತವೆ. ನಾಬನ್ನು ಪೂರ್ತಿ ತಿರುಗಿಸಿ ಪ್ರತಿಧ್ವನಿಯನ್ನು ಮಾತ್ರ ಹೊರಬಿಟ್ಟೊಡನೆ ಗಿಟಾರ್ ತನ್ನ ಮೈ ಮರಳಿ ಪಡೆಯಿತು.

ಈ ಜೋಡಣೆಯ ನಿಜವಾದ ಸೊಗಸು ಇರುವುದು ಫೀಡ್‌ಬ್ಯಾಕ್‌ನಲ್ಲಿ, ಅಂದರೆ ಪ್ರತಿಧ್ವನಿಯನ್ನೇ ಮತ್ತೆ ಡಿಲೇಗೆ ಉಣಿಸುವುದರಲ್ಲಿ. ಘಟಕದ ಫೀಡ್‌ಬ್ಯಾಕ್ ನಾಬನ್ನು ಸೊನ್ನೆಗಿಳಿಸಿ, ಪ್ರತಿಧ್ವನಿ ಮರಳಿ ಬರುವ ಚಾನೆಲ್‌ನಲ್ಲಿಯೇ ಆಕ್ಸ್ ಸೆಂಡನ್ನು ಮೆಲ್ಲನೆ ಏರಿಸಿದರೆ, ಪ್ರತಿಯೊಂದು ಸುತ್ತೂ ಆ ಚಾನೆಲ್‌ನ ಈಕ್ವಲೈಜರ್ (ಮೇಲಿನ, ಕೆಳಗಿನ ಸ್ವರಾಂಶಗಳನ್ನು ಏರಿಳಿಸುವ ಭಾಗ) ಮೂಲಕ ಹಾದು ಹೋಗುತ್ತದೆ. ಮೇಲಿನ ಸ್ವರಾಂಶವನ್ನು ಅಲ್ಲಿ ಸ್ವಲ್ಪ ಕಡಿದಿದ್ದೆ. ಮೊದಲ ಪ್ರತಿಧ್ವನಿಯಲ್ಲಿ ತಂತಿಯ ಮೀಟು ಸ್ಪಷ್ಟವಾಗಿತ್ತು, ಮೂರನೆಯದರಲ್ಲಿ ಮಸುಕಾಯಿತು, ಆರನೆಯ ಹೊತ್ತಿಗೆ ಗುನುಗು ಮಾತ್ರ ಉಳಿಯಿತು. ಎಡದ ರಿಟರ್ನನ್ನು (ಡಿಲೇಯಿಂದ ಮರಳಿ ಬಂದ ಧ್ವನಿಯನ್ನು) ಬಲಕ್ಕೂ ಬಲದ್ದನ್ನು ಎಡಕ್ಕೂ ಕಳುಹಿಸಿದರೆ ಅದೇ ಗುನುಗು ಬದಿ ಬದಲಿಸುತ್ತ ಕರಗುತ್ತದೆ. ಸುತ್ತೊಂದಕ್ಕೆ ಧ್ವನಿ ಕುಗ್ಗುವ ಬದಲು ಹೆಚ್ಚತೊಡಗಿದರೆ ಕ್ಷಣದಲ್ಲಿ ಕೂಗು ಏಳುತ್ತದೆ, ಆದ್ದರಿಂದ ಒಂದು ಕೈ ಧ್ವನಿಮಟ್ಟ ಏರಿಳಿಸುವ ಫೇಡರಿನ ಮೇಲೆಯೇ ಇರಬೇಕು.

ಮೂರನೆಯದರಲ್ಲಿ ಗಿಟಾರನ್ನು ಎಡ ಇನ್‌ಪುಟ್‌ಗೆ ಮಾತ್ರ ಕಳುಹಿಸಿ, ಎಡದ ರಿಟರ್ನ್ ಚಾನೆಲ್‌ನಿಂದ ಬಲಬದಿಯನ್ನು ಉಣಿಸಿದೆ. ಇನ್‌ಪುಟ್‌ಗಳನ್ನು ಒಳಗೇ ಬೆರೆಸಿಬಿಡುವ ಘಟಕಗಳಲ್ಲಿ ಇದು ಸಾಧ್ಯವಿಲ್ಲ. ಎರಡೂ ಬದಿ ಸ್ವತಂತ್ರವಾಗಿರಬೇಕು. ಬಲಬದಿ 875ನೇ ಮಿಲಿಸೆಕೆಂಡಿನವರೆಗೆ ಮೌನವಾಗಿದ್ದು, ಆಮೇಲೆ 1250, 1375 ಎಂದು ದಟ್ಟವಾಗುತ್ತದೆ. ಬಿಡುವಿಲ್ಲದೆ ನುಡಿಸಿದಾಗ ಇದೆಲ್ಲ ಗೋಜಲಾಯಿತು. ಒಂದೇ ಸ್ವರ ಮೀಟಿ ಕೈ ಎತ್ತಿದಾಗ ಮಾತ್ರ ಧ್ವನಿ ಎಡದಲ್ಲಿ ಹುಟ್ಟಿ, ತಡವಾಗಿ ಬಲಕ್ಕೆ ಹರಡುವುದು ಚೆನ್ನಾಗಿ ಕೇಳಿಸಿತು. ನಿಧಾನಗತಿಯ ಆರಂಭಗಳಿಗೆ ಇದನ್ನೂ, ಉಳಿದೆಲ್ಲದಕ್ಕೂ ಎರಡನೆಯದನ್ನೂ ಈಗ ಬಳಸುತ್ತಿದ್ದೇನೆ. ನೇರ ಜೋಡಣೆ ಮಿಕ್ಸರಿನಲ್ಲಿ ಆಕ್ಸ್ ಸೆಂಡ್ ಖಾಲಿಯಿಲ್ಲದ ದಿನಗಳಿಗೆ ಉಳಿದಿದೆ.