ಎರಕದ ತುಂಡು ಒಡೆದಿದೆ: ಸ್ಪೆಕ್ಟ್ರೊ ಸಾಕಾ, ಎಸ್‌ಇಎಂ ಬೇಕಾ?

ಸಂಶೋಧನಾ ಸಂಸ್ಥೆಗಳ ಎಸ್‌ಇಎಂನಂಥ (ಸ್ಕ್ಯಾನಿಂಗ್ ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ದುಬಾರಿ ಯಂತ್ರಗಳನ್ನು ಈಗ ಕೇಂದ್ರ ಸರ್ಕಾರದ ಐ-ಸ್ಟೆಮ್ ಎಂಬ ವೆಬ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ಶುಲ್ಕ ಕಟ್ಟಿ, ಹೊರಗಿನವರೂ ಬಳಸಬಹುದು. ಬೆಳಗಾವಿಯ ಉದ್ಯಮಬಾಗ, ಮಚ್ಛೆಯ ಫೌಂಡ್ರಿಗಳಿಗೆ ಇದು ಒಳ್ಳೆ ಅವಕಾಶವೇ. ಹಾಗಂತ ಒಡೆದದ್ದನ್ನೆಲ್ಲ ಬೆಂಗಳೂರಿನ ಲ್ಯಾಬ್‌ಗಳಿಗೆ ಕಳಿಸಬೇಕಿಲ್ಲ.

ಕಾರ್ಬನ್, ಸಿಲಿಕಾನ್, ಗಂಧಕ ಎಷ್ಟಿದೆ ಎಂಬುದಷ್ಟೇ ಪ್ರಶ್ನೆಯಾದರೆ ಊರಲ್ಲೇ ಸ್ಪೆಕ್ಟ್ರೊ (ಕಿಡಿ ಹಾಯಿಸಿ ಲೋಹದಲ್ಲಿನ ಮೂಲಧಾತುಗಳನ್ನು ಅಳೆಯುವ ಪರೀಕ್ಷೆ) ಮಾಡಿಸಿ. ಆದರೆ ಒಡೆದ ಗ್ರೇ ಐರನ್ (ಸಾಮಾನ್ಯ ಎರಕದ ಕಬ್ಬಿಣ) ತುಂಡನ್ನೇ ಇಟ್ಟರೆ ಅದರಲ್ಲಿ ಬೇರೆಯಾಗಿ ನಿಂತ ಕಾರ್ಬನ್, ಅಂದರೆ ಗ್ರಾಫೈಟ್‌ನಿಂದಾಗಿ ಕಾರ್ಬನ್ ಅಂಕಿ ತಪ್ಪುತ್ತದೆ. ಕರಗಿದ ಲೋಹ ಸುರಿಯುವಾಗಲೇ ತಾಮ್ರದ ಅಚ್ಚಿನಲ್ಲಿ ಬೇಗ ತಣಿಸಿದ, ಮುರಿದರೆ ಬೆಳ್ಳಗೆ ಕಾಣುವ ಸ್ಯಾಂಪಲ್ ಬೇಕು.

ಎಸ್‌ಇಎಂ ಹೇಳುವುದು ಬೇರೆಯೇ ಸಂಗತಿ: ಬಿರುಕು ಎಲ್ಲಿ ಶುರುವಾಯಿತು, ಅಲ್ಲಿ ಮರಳಿತ್ತೋ, ಸ್ಲ್ಯಾಗೋ (ಲೋಹದ ಕಿಟ್ಟ), ಗಾಳಿಗುಳ್ಳೆಯೋ. ಜೊತೆಗಿರುವ ಇಡಿಎಸ್ (ಎಕ್ಸ್-ರೇ ಮೂಲಕ ಧಾತು ಗುರುತಿಸುವ ಸಾಧನ) ಆ ಚುಕ್ಕಿಯಲ್ಲಿರುವ ಮೂಲಧಾತುಗಳನ್ನು ತೋರಿಸುತ್ತದೆ. ಅದರಿಂದ ಕಾರ್ಬನ್ ಅಳೆಯಲು ಹೋಗಬೇಡಿ. ಎಸ್‌ಜಿ ಐರನ್‌ನ (ಗ್ರಾಫೈಟ್ ಗುಂಡಗಿರುವ ಎರಕದ ಕಬ್ಬಿಣ) ಸುಮಾರು 0.04% ಮೆಗ್ನೀಸಿಯಮ್ ಕೂಡ ಅದರ ಕಣ್ಣಿಗೆ ಬೀಳುವುದಿಲ್ಲ. ಗ್ರಾಫೈಟ್ ಗುಂಡಗಿದೆಯೇ ಎಂದು ನೋಡಲು ಎರಡೂ ಬೇಡ. ಪಾಲಿಶ್ ಮಾಡಿ ಸಾದಾ ಮೈಕ್ರೋಸ್ಕೋಪ್‌ನಲ್ಲಿ 100 ಪಟ್ಟು ನೋಡಿದರೆ ಮುಗಿಯಿತು.

ಎಸ್‌ಇಎಂಗೆ ಕಳಿಸುವಾಗ ಕೆಲಸ ಕೆಡುವುದು ಹೆಚ್ಚಾಗಿ ಶಾಪ್‌ನಲ್ಲೇ. ಒಡೆದ ಎರಡು ಮುಖಗಳನ್ನು ಕೂಡಿಸಿ ನೋಡುವ ಚಟ ಬಿಡಿ. ಸೂಕ್ಷ್ಮ ಗುರುತುಗಳು ಉಜ್ಜಿ ಹೋಗುತ್ತವೆ. ಬೆರಳಿಂದ ಮುಟ್ಟಬೇಡಿ, ನೀರಲ್ಲಿ ತೊಳೆಯಬೇಡಿ, ತುಕ್ಕು ಹಿಡಿಯುತ್ತದೆ. ಮೊದಲು ಇಡೀ ತುಂಡಿನ ಫೋಟೊ ತೆಗೆದು, ಬಿರುಕಿನ ಮೂಲ ಎಂದು ಅನುಮಾನವಿರುವ ಜಾಗಕ್ಕೆ ಫೋಟೊದಲ್ಲೇ ಗುರುತು ಹಾಕಿ. ಆಮೇಲೆ ಆ ಮುಖದಿಂದ ದೂರದಲ್ಲಿ, ಬಿಸಿಯಾಗದಂತೆ ಕೊಯ್ದು, 10–15 ಮಿ.ಮೀ. ತುಂಡು ಮಾಡಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಕಳಿಸಿ.