ಹಳೇ ಕಾರಿಗೇ ದುಡ್ಡು ಸುರಿಯೋದಾ, ಬೇರೆದು ತಗೊಳ್ಳೋದಾ? ಮೂರನ್ನೂ ಓಡಿಸಿ ನೋಡಿದವನ ಲೆಕ್ಕ

ನಮ್ಮನೆ ಕಾರು 2010ರ ನವೆಂಬರಲ್ಲಿ ಅಪ್ಪ ತಗೊಂಡಿದ್ದು, ಕೆಎ-30, ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮೀಟರಲ್ಲಿ ಈಗ 2,38,000 ಚಿಲ್ರೆ ಕಿಲೋಮೀಟರ್. ಕಂಪನಿ ಹೆಸರು ಹೇಳೋದಿಲ್ಲ, ಹೇಳಿದ್ರೆ ಮಾತು ಕಾರು ಬಿಟ್ಟು ಕಂಪನಿ ಮೇಲೆ ಹೋಗ್ತದೆ. ನಾನು ಅಂಕೋಲೆಯವ, ಮಾಸ್ತರಿಕೆ ಮಾಡೋ ಶಾಲೆ ಯಲ್ಲಾಪುರದ ಕಡೆ, ಹಂಗಾಗಿ ವಾರಕ್ಕೊಂದು ಸಲ ಆದ್ರೂ ಅರಬೈಲ್ ಘಟ್ಟ ಹತ್ತಿ ಇಳೀಲೇಬೇಕು. 2023ರ ಜೂನಲ್ಲಿ ಆ ಘಟ್ಟದಲ್ಲೇ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯ್ತು, ಬಾನೆಟ್ ಎತ್ತಿದ್ರೆ ಇಡ್ಲಿ ಅಟ್ಟದ ಹಬೆ, ಹಿಂದೆ ಲಾರಿ ಸಾಲು, ಎಲ್ಲಾ ಹಾರ್ನ್ ಹೊಡೆಯೋರೇ. ಹೆಡ್ ಗ್ಯಾಸ್ಕೆಟ್, ಅಂದ್ರೆ ಇಂಜಿನ್ನಿನ ಎರಡು ಭಾಗದ ನಡುವಿನ ಸೀಲು, ಹೋಗಿತ್ತು. ಅವತ್ತಿಂದ ಮನೇಲಿ ಊಟಕ್ಕೆ ಕೂತ್ರೆ ಇದೇ ಚರ್ಚೆ, ಇಡೋದಾ ಕೊಡೋದಾ.

ಕೊಡೋಣ ಅಂತ ಕೇಳಿದ್ರೆ 35 ಸಾವಿರಕ್ಕಿಂತ ಮೇಲೆ ಯಾರೂ ಹೋಗ್ಲಿಲ್ಲ. ಹಂಗಾಗಿ ಇದನ್ನ ರಿಪೇರಿ ಮಾಡಿಸಿ ಇಟ್ಕೊಂಡೇ ಇನ್ನೊಂದು ಸೆಕೆಂಡ್ ಹ್ಯಾಂಡ್ ತಗೊಂಡೆ. ಆಮೇಲೆ ಹೊಸಾ ಕಾರೊಂದನ್ನ ಒಂದು ತಿಂಗಳು ಓಡಿಸೋ ಯೋಗನೂ ಬಂತು. ಎಲ್ಲದರ ಖರ್ಚನ್ನೂ ಶಾಲೆ ಹಾಜರಿ ಪುಸ್ತಕದಂಥ ಒಂದು ಉದ್ದ ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದೇನೆ, ಮಾಸ್ತರಿಕೆ ಚಟ.

ಮೊದಲು ಹಳೇದರದ್ದು. 2023 ಜೂನಿಂದ 2025 ಮೇವರೆಗೆ, ಎರಡು ವರ್ಷಕ್ಕೆ: ಗ್ಯಾಸ್ಕೆಟ್, ಹೆಡ್ ಫೇಸಿಂಗ್, ರೇಡಿಯೇಟರ್ ಸೇರಿ 16,500. ಕ್ಲಚ್ ಸೆಟ್ 8,200. ಮುಂದಿನ ಶಾಕಪ್, ಲೋವರ್ ಆರ್ಮ್, ಬುಷ್ ಎಲ್ಲಾ 11,400. ನಾಲ್ಕು ಟೈರು 15,600, ಬ್ಯಾಟರಿ 4,300, ಸೈಲೆನ್ಸರ್ 3,200, ನಾಲ್ಕು ಸಲ ಆಯಿಲ್ ಸರ್ವಿಸ್ 8,000, ಇಲಿ ಕಡಿದ ವಯರಿಂಗಿಗೆ 1,800, ಮತ್ತೆ ಅಡಿಗೆ ವೆಲ್ಡಿಂಗು ಟಾರ್ ಕೋಟಿಂಗು 14,000. ಒಟ್ಟು 83,000. ಕೇಳಿದ ಕೂಡಲೇ ಎದೆ ಧಸಕ್ ಅಂತದೆ, 35 ಸಾವಿರದ ಕಾರಿಗೆ 83 ಸಾವಿರ ಹಾಕಿದ್ಯಾ ಅಂತ ಭಾವ ನಕ್ಕಿದ್ದೂ ನಕ್ಕಿದ್ದೇ. ಆದ್ರೆ ತಿಂಗಳಿಗೆ ಹಂಚಿದ್ರೆ 3,460 ಆಗ್ತದೆ, ಓಡಿದ್ದು 22,000 ಕಿಲೋಮೀಟರ್, ಕಿಲೋಮೀಟರಿಗೆ ನಾಲ್ಕು ರೂಪಾಯಿಯೂ ಬೀಳಲಿಲ್ಲ. ಟೈರು ಬ್ಯಾಟರಿ ಆಯಿಲ್ ಯಾವ ಕಾರಿಗಾದ್ರೂ ಹಾಕ್ಲೇಬೇಕಲ್ಲ, ಅದನ್ನ ಹಳೇ ಕಾರಿನ ತಪ್ಪು ಅಂತ ಬರ್ಕೊಳ್ಳೋದು ನ್ಯಾಯ ಅಲ್ಲ. ಇನ್ಶೂರೆನ್ಸು ಬರೀ ಥರ್ಡ್ ಪಾರ್ಟಿ (ಎದುರಿನವರಿಗೆ ಆದ ಹಾನಿಗೆ ಮಾತ್ರ), 1000 ಸಿಸಿ ಒಳಗಿನ ಗಾಡಿಗೆ 2,094 ಪ್ಲಸ್ ಜಿಎಸ್‌ಟಿ, ಅಂದ್ರೆ 2,500ರ ಒಳಗೆ ವರ್ಷದ ಕತೆ ಮುಗೀತು.

ಈಗ ಸೆಕೆಂಡ್ ಹ್ಯಾಂಡ್. ಇದನ್ನ ಸ್ವಲ್ಪ ಉದ್ದ ಹೇಳ್ತೆ, ಯಾಕಂದ್ರೆ ಎಲ್ಲರೂ ಕೊಡೋ ಸಲಹೆ ಇದೇ, "ಹೊಸದು ಬೇಡ, ಹಳೇದೂ ಬೇಡ, ನಡುವಿಂದೊಂದು ತಗೋ." 2023 ಆಗಸ್ಟಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಬ್ರೋಕರ್ ಮೂಲಕ 2016ರ ಡೀಸೆಲ್ ಕಾರು, ಮೀಟರಲ್ಲಿ 68,000, ಬೆಲೆ 4,10,000. ಹೊರಗಿಂದ ನೋಡಿದ್ರೆ ಮದುಮಗಳ ಹಂಗೆ. ಎರಡು ತಿಂಗಳಿಗೆ ಪವರ್ ವಿಂಡೋ ಒಂದೊಂದಾಗಿ ನಿಂತ್ವು, ಡ್ಯಾಶ್‌ಬೋರ್ಡಿನ ದೀಪ ಮನಸ್ಸಾದಾಗ ಹತ್ತೋದು ಮನಸ್ಸಾದಾಗ ಆರೋದು, ಮಳೆ ಬಂದ ದಿನ ಒಳಗೆಲ್ಲ ಕೆಸರುಗದ್ದೆ ವಾಸನೆ. ನಮ್ಮ ಗ್ಯಾರೇಜಿನ ಅಜ್ಜ ಏನೂ ಮಾತಾಡದೆ ಹಿಂದಿನ ಸೀಟ್ ಬೆಲ್ಟ್ ಹಿಡಿದು ಎಳೆದ್ರು, ಎಳೀತಾ ಎಳೀತಾ ಕೊನೆಯ ತುದಿವರೆಗೆ. ಮೇಲಿನ ಅರ್ಧ ಕಪ್ಪು, ಕೆಳಗಿನ ಒಂದು ಗೇಣು ಮಣ್ಣಿನ ಬಣ್ಣ, ನಡುವೆ ಸ್ಕೇಲಿಟ್ಟು ಗೀಟು ಹಾಕಿದ ಹಂಗೆ ಒಂದು ಗೆರೆ. ಆಮೇಲೆ ಸ್ಟೆಪ್ನಿ ತೆಗೆದು ಅದರ ಗುಂಡಿಯ ಮೂಲೇಲಿ ಬೆರಳಾಡಿಸಿ ನನ್ನ ಅಂಗೈಗೆ ಒರೆಸಿದ್ರು, ನುಣ್ಣಗಿನ ಹೊಳೆ ಮಣ್ಣು. "ಇದು ನೀರು ಕುಡಿದ ಗಾಡಿ ಮಾಸ್ತರ್ರೇ, ತಗೊಳ್ಳೂಕೆ ಮುಂಚೆ ಒಂದು ಮಾತು ಕೇಳೂಕೆ ಆಗ್ಲಿಲ್ವಾ?" ಕೇಳಬಹುದಿತ್ತು. ಎಂತಾ ಹೇಳೋದು ಅದಕ್ಕೆ.

ಹದಿನಾಲ್ಕು ತಿಂಗಳು ಇಟ್ಕೊಂಡೆ, ವಯರಿಂಗು, ಇಂಜೆಕ್ಟರು, ಸೆನ್ಸರು ಅಂತ 46,000 ಹೋಯ್ತು. ಮಾರುವಾಗ ತಗೊಳ್ಳೋನಿಗೆ ಬೆಲ್ಟ್ ಎಳೆದು ತೋರಿಸಿಯೇ ಮಾರಿದೆ, ಹೆಂಡತಿ "ನಮಗೆ ಯಾರು ತೋರಿಸಿದ್ರು?" ಅಂತ ಎರಡು ದಿನ ಮಾತಾಡಲಿಲ್ಲ, ಬಂದಿದ್ದು 2,90,000. ಲೆಕ್ಕ ಹಾಕಿ, ಬೆಲೆ ಇಳಿದಿದ್ದು 1,20,000 ಮತ್ತು ರಿಪೇರಿ ಸೇರಿ 1,66,000, ತಿಂಗಳಿಗೆ 11,800ರ ಮೇಲೆ. ಇದರ ಅರ್ಥ ಸೆಕೆಂಡ್ ಹ್ಯಾಂಡ್ ಎಲ್ಲಾ ಮೋಸ ಅಂತ ಅಲ್ಲ, ನಮ್ಮೂರವರದ್ದೇ, ಕಣ್ಣೆದುರಿಗೆ ಓಡಿದ ಗಾಡಿ ಸಿಕ್ಕಿದ್ರೆ ಬೇರೆ ಮಾತು. ಆದ್ರೆ ನಮ್ಮ ಹಳೇ ಕಾರಿನ ರೋಗ ಎಲ್ಲಾ ನನಗೆ ಗೊತ್ತು, ಬೇರೆಯವರ ಕಾರಿನ ರೋಗ ದುಡ್ಡು ಕೊಟ್ಟು ಕಲೀಬೇಕು.

ಹೊಸದು ಭಾವನದ್ದು. 2025ರ ಜುಲೈಯಲ್ಲಿ ಅವ್ರು ಮುಂಬೈಗೆ ಹೋದಾಗ ಒಂದು ತಿಂಗಳು ನನ್ನ ಕೈಲಿತ್ತು. ಮಳೆಗಾಲದ ರಾತ್ರಿ ಅರಬೈಲ್ ಇಳಿಯುವಾಗ ಗ್ಲಾಸಿಗೆ ಮಂಜು ಹಿಡಿದ್ರೆ ಒಂದು ಬಟನ್ ಒತ್ತಿದ್ರಾಯ್ತು, ನಮ್ಮ ಕಾರಲ್ಲಿ ಎಡಗೈಲಿ ಹಳೇ ಬನಿಯನ್ ಹಿಡ್ಕೊಂಡು ಒರೆಸ್ತಾ ಹೋಗಬೇಕು. ಎಬಿಎಸ್ಸು (ಜೋರಾಗಿ ಬ್ರೇಕ್ ಒತ್ತಿದ್ರೂ ಚಕ್ರ ಲಾಕ್ ಆಗದ ಹಂಗೆ ನೋಡ್ಕೊಳ್ಳೋದು), ಏರ್‌ಬ್ಯಾಗು, ನಮ್ಮದರಲ್ಲಿ ಎರಡೂ ಇಲ್ಲ. 2019ರ ನಂತರದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ತಿರುವಿನಲ್ಲಿ ಅಡ್ಡ ಬಂದ ಎಮ್ಮೆಗೆ ಬ್ರೇಕ್ ಒತ್ತಿದಾಗ ಗಾಡಿ ಜಾರದೆ ನೆಟ್ಟಗೆ ನಿಂತಿತು, ಪೆಡಲ್ ಕಾಲಿನಡಿ ಗಡಗಡ ಅಂದಿದ್ದು ಬಿಟ್ರೆ ಬೇರೇನೂ ಆಗ್ಲಿಲ್ಲ. ಆವಾಗ ನಿಜವಾಗಿ ಮನಸ್ಸು ಅಲ್ಲಾಡಿತು. ಹಳೇದು ಇಟ್ಕೊಳ್ಳಿ ಅಂತ ವಾದ ಮಾಡೋ ನನ್ನಂಥವರು ಈ ಮಾತಿಗೆ ಬಂದಾಗ ಮೆಲ್ಲಗೆ ವಿಷಯ ಬದಲಿಸ್ತಾರೆ.

ಆದ್ರೆ ದುಡ್ಡು? ಐದು ಲಕ್ಷ ಸಾಲ, ಶೇ. 9, ಐದು ವರ್ಷ ಅಂದ್ರೆ ಕಂತು 10,379. ಮೈಲೇಜು ನಮ್ಮದು 15, ಅದು 20, ತಿಂಗಳಿಗೆ 900 ಕಿಲೋಮೀಟರಿಗೆ ಉಳಿಯೋದು 15 ಲೀಟರ್, ಲೀಟರಿಗೆ 100 ಹಿಡಿದ್ರೆ 1,500. ಅದನ್ನ ಕಳೆದ್ರೂ ಕೈಯಿಂದ ಹೋಗೋದು 8,900ರ ಹತ್ತಿರ, ಮೇಲೆ ಇನ್ಶೂರೆನ್ಸು. ಐದು ವರ್ಷದ ಮೇಲೆ ಅದಕ್ಕೆ ಒಂದು ಬೆಲೆ ಇರ್ತದೆ, ನಮ್ಮದಕ್ಕೆ ಗುಜರಿ ಬೆಲೆ, ಅದೂ ಒಪ್ಪಿದೆ. ಅಂದಹಾಗೆ 2025 ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18ಕ್ಕೆ ಇಳೀತಲ್ಲ, ಭಾವ ತಗೊಂಡಿದ್ದು ಅದೇ ವರ್ಷ ಏಪ್ರಿಲಲ್ಲಿ. ಈಗ ನನ್ನ 83 ಸಾವಿರದ ಬಗ್ಗೆ ನಗೋದು ಬಿಟ್ಟಿದ್ದಾರೆ.

ಕಡೆಗೆ ನಿರ್ಧಾರ ಮಾಡಿದ್ದು ಈ ಯಾವ ಲೆಕ್ಕನೂ ಅಲ್ಲ, ತುಕ್ಕು. ಇಂಜಿನ್ ಅಂದ್ರೆ ಬಿಚ್ಚಿ ಜೋಡಿಸೋ ವಸ್ತು, ಬೋರ್ ಮಾಡಿಸಬಹುದು, ರಿಂಗ್ ಹಾಕಿಸಬಹುದು. ಬಾಡಿ ಹಂಗಲ್ಲ. ಕರಾವಳಿಯ ಉಪ್ಪುಗಾಳಿ ಒಂದು ಕಡೆ, ಹದಿನೈದು ವರ್ಷ ಪ್ರತಿ ಭಾನುವಾರ ಡಿಕ್ಕಿಯಲ್ಲಿ ಬಂಗಡೆ, ತಾರ್ಲೆ ತಂದ ನಾವು ಇನ್ನೊಂದು ಕಡೆ. ಐಸ್ ಕರಗಿದ ಉಪ್ಪುನೀರು ಮ್ಯಾಟಿನ ಅಡಿಗೆ ಇಳಿದು ಕೂತಿದ್ದು ಯಾರಿಗೂ ಕಾಣಲಿಲ್ಲ. ಅಜ್ಜ ಜ್ಯಾಕ್ ಕೊಟ್ಟು ಗಾಡಿ ಎತ್ತಿ ಸ್ಕ್ರೂಡ್ರೈವರ್ ತಗೊಂಡು ಅಡಿಯಲ್ಲಿ ಕುಟ್ಟುತ್ತಾ ಹೋದ್ರು, ಟಕ್ ಟಕ್ ಟಕ್, ಹಿಂದಿನ ಸೀಟಿನ ಕೆಳಗೆ ಬಂದಾಗ ಟಕ್ ಅನ್ನದೆ ಹಪ್ಪಳ ಮುರಿದಂಗೆ ಸ್ಕ್ರೂಡ್ರೈವರ್ ಒಳಗೇ ಹೋಯ್ತು. ನನ್ನ ಮುಖ ನೋಡಿ, "ಇದು ತಗಡು, ಪ್ಯಾಚ್ ಹೊಡಿಬಹುದು. ಆ ಉದ್ದ ಪಟ್ಟಿ ಉಂಟಲ್ಲ, ಚಾಸಿ, ಅದು ಗಟ್ಟಿ ಉಂಟು. ಅದು ಹೋದ ದಿನ ನನ್ನ ಹತ್ರ ತರೂದು ಬೇಡ" ಅಂದ್ರು. ಮೇಲಿನ 14,000 ಅದೇ ಪ್ಯಾಚಿಂದು.

2025ರ ನವೆಂಬರಲ್ಲಿ ಹದಿನೈದು ವರ್ಷ ಆಗಿ ಆರ್‌ಸಿ ರಿನಿವಲ್ಲು ಬಂತು. 2022ರ ಏಪ್ರಿಲ್‌ಗಿಂತ ಮುಂಚೆ 600 ಇದ್ದ ಫೀಸು ಈಗ 5,000, ಗ್ರೀನ್ ಟ್ಯಾಕ್ಸ್ 500 ಬೇರೆ, ಎಮಿಷನ್ ಟೆಸ್ಟು. ಕಾರವಾರ ಆರ್‌ಟಿಓಗೆ ಹೋಗೋ ಹಿಂದಿನ ದಿನ ಚಾಸಿ ನಂಬರ್ ಕಾಣದೆ ಪಾಲಿಶ್ ಪೇಪರ್ ತಗೊಂಡು ಅರ್ಧ ಗಂಟೆ ಉಜ್ಜಿದೆ, ಒಂದೊಂದೇ ಅಂಕಿ ಹೊರಗೆ ಬಂದಾಗ ಶಾಸನ ಓದಿದಷ್ಟು ಖುಷಿ. ಪಾಸಾಯ್ತು, 2030ರವರೆಗೆ. ಇಪ್ಪತ್ತು ವರ್ಷ ದಾಟಿದ ಕಾರಿಗೆ ಫೀಸು 10,000 ಮಾಡಿದ್ದಾರೆ, ಅಲ್ಲಿಗೆ ಇದು ಹೋಗೋದಿಲ್ಲ ಅನ್ನೋದು ನನಗೂ ಗೊತ್ತು.

ಈಗ ಮನೇಲಿ ಆದ ಕರಾರು ಇಷ್ಟು: ವರ್ಷಕ್ಕೆ ಖರ್ಚು 45,000 ದಾಟಿದ್ರೆ ಅಥವಾ ಚಾಸಿಗೆ ಸ್ಕ್ರೂಡ್ರೈವರ್ ಇಳಿದ್ರೆ ಅವತ್ತೇ ಗುಜರಿಗೆ. ಹೊಸದು ತಗೊಂಡಿದ್ರೆ ಕಂತಿಗೆ ಹೋಗ್ತಿದ್ದ ದುಡ್ಡಲ್ಲಿ ತಿಂಗಳಿಗೆ 5,000 ಆರ್‌ಡಿ ಕಟ್ತಾ ಇದ್ದೇನೆ, ಎಬಿಎಸ್ ಇರೋ ಕಾರಿಗೆ. ಮಳೆಗಾಲದ ರಾತ್ರಿ ಘಟ್ಟ ಇಳಿಯೋದು ಬಿಟ್ಟಿದ್ದೇನೆ, ಸೋಮವಾರ ಬೆಳಿಗ್ಗೆ ಬಸ್ಸು. ಮೀನು ತರೂಕೆ ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬ ಬಂದಿದೆ, ಹದಿನೈದು ವರ್ಷ ತಡವಾಗಿ.